ಓದುಗರ ಪ್ರಶ್ನೆ, ನಮ್ಮ ಉತ್ತರ: ಕೈರೊ ಲೈಬ್ರರಿಯನ್ನು ಸೋರ್ಸ್‌ನಿಂದ ಕಟ್ಟಿಕೊಳ್ಳುವುದು

(ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.)

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಚಿತ್ರ ಬಿಡಿಸುವ ಕೈರೊ ಲೈಬ್ರರಿಯ 1.18 ಆವೃತ್ತಿ ಬೇಕಾಗಿದೆ. ನನ್ನ ಉಬುಂಟು 22.04ರಲ್ಲಿ 1.16 ಮಾತ್ರ ಸಿಗುತ್ತದೆ. ಸೋರ್ಸ್ ಕೋಡ್ ಇಳಿಸಿಕೊಂಡು ನೋಡಿದರೆ, ಹಳೆಯ ಟಿಪ್ಪಣಿಗಳಲ್ಲಿ ಹೇಳಿರುವ ‘ಕಾನ್ಫಿಗರ್’ ಎಂಬ ಕಡತವೇ ಅದರಲ್ಲಿ ಇಲ್ಲ. ಮುಂದೆ ಏನು ಮಾಡಬೇಕು?

ಉತ್ತರ: ನೀವು ಇಳಿಸಿಕೊಂಡ ಕಡತದಲ್ಲಿ ದೋಷವಿಲ್ಲ. ‘ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್’ ಎಂಬ ಕ್ರಮ ಆಟೊಟೂಲ್ಸ್ ಎಂಬ ಹಳೆಯ ಬಿಲ್ಡ್ ವ್ಯವಸ್ಥೆಗೆ ಸೇರಿದ್ದು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಕೈರೊ 1.18.0ರಲ್ಲಿ ಅದನ್ನು ಪೂರ್ತಿಯಾಗಿ ಕೈಬಿಟ್ಟು ಮೆಸಾನ್ ಒಂದನ್ನೇ ಉಳಿಸಿಕೊಂಡಿದ್ದಾರೆ. ಮೆಸಾನ್ ತಾನಾಗಿ ಕಂಪೈಲ್ ಮಾಡುವುದಿಲ್ಲ. ನಿಮ್ಮ ಗಣಕದಲ್ಲಿ ಏನೇನಿದೆ ಎಂದು ಪರಿಶೀಲಿಸಿ, ಯಾವ ಕಡತವನ್ನು ಯಾವ ಕ್ರಮದಲ್ಲಿ ಕಂಪೈಲ್ ಮಾಡಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಿ ನಿಂಜಾ ಎಂಬ ಇನ್ನೊಂದು ಸಾಧನಕ್ಕೆ ಒಪ್ಪಿಸುತ್ತದೆ. ಆದ್ದರಿಂದ ಇವೆರಡೂ ಬೇಕು. ಜೊತೆಗೆ ಸಿ ಕಂಪೈಲರ್ ಮತ್ತು ಯಾವ ಲೈಬ್ರರಿ ಎಲ್ಲಿದೆ ಎಂದು ತಿಳಿಸುವ ಪಿಕೆಜಿ-ಕಾನ್ಫಿಗ್ ಇರಬೇಕು. ನಿಮ್ಮಲ್ಲಿರುವ ಮೆಸಾನ್ ಹಳೆಯದಾಗಿದ್ದರೆ, ತನಗೆ ಎಷ್ಟನೆಯ ಆವೃತ್ತಿ ಬೇಕೆಂದು ಕೈರೊ ಆರಂಭದಲ್ಲೇ ತಿಳಿಸಿ ನಿಂತುಬಿಡುತ್ತದೆ. ಆಗ ಪೈಥಾನ್‌ನ ವರ್ಚುಯಲ್ ಎನ್ವಿರಾನ್‌ಮೆಂಟ್ ಒಂದರೊಳಗೆ ಪಿಪ್ ಮೂಲಕ ಹೊಸ ಮೆಸಾನ್ ಹಾಕಿಕೊಳ್ಳಿ.

ಸೋರ್ಸ್ ಫೋಲ್ಡರ್‌ನೊಳಗೆ ನಿಂತು ‘ಮೆಸಾನ್ ಸೆಟಪ್ ಬಿಲ್ಡ್’ ಎಂದರೆ ‘ಬಿಲ್ಡ್’ ಎಂಬ ಹೊಸ ಫೋಲ್ಡರ್ ಸಿದ್ಧವಾಗುತ್ತದೆ. ಇದೇ ಸಾಲಿಗೆ ‘ಪ್ರಿಫಿಕ್ಸ್’ ಆಯ್ಕೆಯನ್ನು ಸೇರಿಸಿ, ಲೈಬ್ರರಿ ಕೊನೆಗೆ ಹೋಗಿ ಕೂರಬೇಕಾದ ಜಾಗವನ್ನೂ ಹೇಳಿಬಿಡಬೇಕು. ಆ ಜಾಗ ಯಾವುದಿರಬೇಕೆಂದು ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ. ಅನಂತರ ‘ಮೆಸಾನ್ ಕಂಪೈಲ್’, ಕೊನೆಗೆ ‘ಮೆಸಾನ್ ಇನ್‌ಸ್ಟಾಲ್’. ಎರಡಕ್ಕೂ ದೊಡ್ಡಕ್ಷರದ ‘ಸಿ’ ಆಯ್ಕೆಯ ಮೂಲಕ ಬಿಲ್ಡ್ ಫೋಲ್ಡರ್‌ನ ಹೆಸರು ಕೊಡಬೇಕು. ಕಮಾಂಡ್‌ಗಳು ಇಷ್ಟೇ. ಆದರೆ ಮೊದಲನೆಯ ಹೆಜ್ಜೆ ಮುಗಿದಾಗ ಪರದೆಯ ಮೇಲೆ ಬರುವ ಸಾರಾಂಶವನ್ನು ಓದದೆ ಎರಡನೆಯದಕ್ಕೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕಾರಣ ಇದು. ಕೈರೊ ಒಂದೇ ಚಿತ್ರವನ್ನು ಪರದೆಯ ಮೇಲೂ ಪಿಎನ್‌ಜಿ, ಪಿಡಿಎಫ್, ಎಸ್‌ವಿಜಿ ಕಡತಗಳಲ್ಲೂ ಬಿಡಿಸಬಲ್ಲದು. ಇಂಥ ಒಂದೊಂದು ಹಿಂಬದಿಯ ವ್ಯವಸ್ಥೆಗೂ ಬೇರೆಬೇರೆ ಲೈಬ್ರರಿಗಳ ನೆರವು ಬೇಕಾಗುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಮೆಸಾನ್‌ನಲ್ಲಿ ‘ಆಟೊ’ ಎಂದು ಗುರುತಿಸಿರುತ್ತಾರೆ: ಸಿಕ್ಕರೆ ಸೇರಿಸು, ಸಿಗದಿದ್ದರೆ ಬಿಟ್ಟು ಮುಂದೆ ಹೋಗು ಎಂದು ಇದರ ಅರ್ಥ. ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಎಕ್ಸ್11 ವ್ಯವಸ್ಥೆಯ ಡೆವಲಪ್‌ಮೆಂಟ್ ಪ್ಯಾಕೇಜ್ ನಿಮ್ಮಲ್ಲಿ ಇಲ್ಲದಿದ್ದರೆ ಸಾರಾಂಶದಲ್ಲಿ ‘ಎಕ್ಸ್‌ಲಿಬ್’ ಎಂಬುದರ ಎದುರು ‘ನೋ’ ಎಂದಿರುತ್ತದೆ. ಆದರೂ ಕಂಪೈಲ್ ಸುಸೂತ್ರವಾಗಿ ಮುಗಿಯುತ್ತದೆ, ಒಂದೇ ಒಂದು ದೋಷಸೂಚನೆಯೂ ಕಾಣಿಸುವುದಿಲ್ಲ. ಕಟ್ಟುವ ಕೆಲಸ ಯಶಸ್ವಿಯಾಗಿರುತ್ತದೆ, ಆದರೆ ಕಟ್ಟಿರುವುದು ನಿಮಗೆ ಬೇಕಾದ ಲೈಬ್ರರಿಯಾಗಿರುವುದಿಲ್ಲ. ಬೇಕೇಬೇಕಾದ ಭಾಗವನ್ನು ಸೆಟಪ್ ಸಾಲಿನಲ್ಲೇ ‘ಡಿ-ಎಕ್ಸ್‌ಲಿಬ್ ಈಕ್ವಲ್ಸ್ ಎನೇಬಲ್ಡ್’ ಎಂಬ ರೀತಿಯಲ್ಲಿ ಕಡ್ಡಾಯ ಮಾಡಿದರೆ, ಕೊರತೆ ಇದ್ದಾಗ ಮೆಸಾನ್ ಅಲ್ಲಿಯೇ ನಿಂತು ತಿಳಿಸುತ್ತದೆ.

ಇದಕ್ಕೆ ವಿರುದ್ಧವಾದ ಸಂಗತಿಯೂ ನಡೆಯುತ್ತದೆ. ಪಿಕ್ಸೆಲ್‌ಗಳನ್ನು ಜೋಡಿಸುವ ಪಿಕ್ಸ್‌ಮ್ಯಾನ್, ಫಾಂಟ್ ಓದುವ ಫ್ರೀಟೈಪ್‌ನಂಥ ಲೈಬ್ರರಿಗಳು ಸಿಗದಿದ್ದರೆ ಮೆಸಾನ್ ‘ಸಬ್‌ಪ್ರಾಜೆಕ್ಟ್ಸ್’ ಫೋಲ್ಡರ್‌ನಲ್ಲಿರುವ ರ‍್ಯಾಪ್ ಕಡತಗಳನ್ನು ನೋಡಿ, ಅವುಗಳ ಸೋರ್ಸ್ ಅನ್ನೂ ಅಂತರ್ಜಾಲದಿಂದ ತಾನೇ ತಂದು ಕಟ್ಟಲು ತೊಡಗುತ್ತದೆ. ಇದು ಉಪಕಾರವೇ ಸರಿ. ಆದರೆ ಇದರಿಂದ ಫ್ರೀಟೈಪ್‌ನ ಎರಡು ಪ್ರತಿಗಳು ಒಂದೇ ಗಣಕದಲ್ಲಿ ಉಳಿದು ಮುಂದೆ ಗೊಂದಲವಾಗಬಹುದು. ‘ರ‍್ಯಾಪ್-ಮೋಡ್’ ಆಯ್ಕೆಗೆ ‘ನೋಫಾಲ್‌ಬ್ಯಾಕ್’ ಎಂದು ಕೊಟ್ಟರೆ ಮೆಸಾನ್ ಹೀಗೆ ಮಾಡುವುದಿಲ್ಲ. ಇವೆಲ್ಲಕ್ಕಿಂತ ಸುಲಭದ ದಾರಿಯೆಂದರೆ, ಉಬುಂಟುವಿನ ಸಾಫ್ಟ್‌ವೇರ್ ಮೂಲಗಳಲ್ಲಿ ಸೋರ್ಸ್ ಪ್ಯಾಕೇಜ್‌ಗಳನ್ನು ಸಕ್ರಿಯಗೊಳಿಸಿ ‘ಆಪ್ಟ್ ಬಿಲ್ಡ್-ಡೆಪ್ ಕೈರೊ’ ಎನ್ನುವುದು. ಆ ಒಂದು ಸಾಲು, ಉಬುಂಟು ತನ್ನ ಕೈರೊವನ್ನು ಕಟ್ಟಲು ಬಳಸುವ ಪ್ಯಾಕೇಜ್‌ಗಳನ್ನೆಲ್ಲ ಒಟ್ಟಿಗೆ ತಂದುಕೊಡುತ್ತದೆ.

‘ಮೆಸಾನ್ ಟೆಸ್ಟ್’ ಓಡಿಸಿದಾಗ ಕೆಲವು ಪರೀಕ್ಷೆಗಳು ವಿಫಲವಾದರೆ ಗಾಬರಿಯಾಗಬೇಡಿ. ಕೈರೊ ತಾನು ಬಿಡಿಸಿದ ಚಿತ್ರವನ್ನು ಮಾದರಿ ಚಿತ್ರದೊಂದಿಗೆ ಹೋಲಿಸಿ ನೋಡುತ್ತದೆ. ಫಾಂಟ್ ಅಥವಾ ಫ್ರೀಟೈಪ್ ಆವೃತ್ತಿ ಬೇರೆಯಾಗಿದ್ದರೂ ಹೋಲಿಕೆ ತಪ್ಪುತ್ತದೆ.

ಪ್ರಶ್ನೆ: ಕೈರೊ 1.18 ಅನ್ನು ಸೂಡೊ (ನಿರ್ವಾಹಕರ ಅಧಿಕಾರ) ಬಳಸಿ ಇನ್‌ಸ್ಟಾಲ್ ಮಾಡಿದೆ. ಪಿಕೆಜಿ-ಕಾನ್ಫಿಗ್ 1.18 ಎನ್ನುತ್ತಿತ್ತು, ಪ್ರೋಗ್ರಾಂ ಓಡಿಸಿದರೆ 1.16 ಎಂದು ಬರುತ್ತಿತ್ತು. ಗೆಳೆಯರ ಸಲಹೆಯಂತೆ ‘ಎಲ್‌ಡಿಕಾನ್ಫಿಗ್’ ಓಡಿಸಿದ ಮೇಲೆ ಅದು ಸರಿಹೋಯಿತು, ಆದರೆ ಈಗ ಫೈಲ್ ಮ್ಯಾನೇಜರ್ ತೆರೆಯುವುದೇ ಇಲ್ಲ. (ಮೈಸೂರಿನ ಓದುಗರು)

ಉತ್ತರ: ನೀವು ಹೇಳಿರುವ ಎರಡೂ ತೊಂದರೆಗಳ ಬೇರು ಒಂದೇ. ಪ್ರೋಗ್ರಾಂ ಕಂಪೈಲ್ ಆಗುವಾಗ ಲೈಬ್ರರಿಯನ್ನು ಹುಡುಕುವ ಕ್ರಮ ಬೇರೆ, ಅದು ಓಡುವಾಗ ಹುಡುಕುವ ಕ್ರಮ ಬೇರೆ. ಕಂಪೈಲ್ ಆಗುವಾಗ ಪಿಕೆಜಿ-ಕಾನ್ಫಿಗ್ ಹೊಸ ಪ್ರತಿಯನ್ನು ತೋರಿಸಿತು. ಓಡುವಾಗ ಮಾತ್ರ, ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಡೈನಮಿಕ್ ಲೋಡರ್ ತನ್ನ ಹಳೆಯ ಸೂಚಿಯನ್ನೇ ನೋಡಿ ವ್ಯವಸ್ಥೆಯ ಹಳೆಯ ಪ್ರತಿಯನ್ನು ಎತ್ತಿಕೊಂಡಿತು. ಎರಡೂ ಪ್ರತಿಗಳು ಲೋಡರ್‌ಗೆ ‘ಲಿಬ್‌ಕೈರೊ.ಎಸ್‌ಒ.2’ ಎಂಬ ಒಂದೇ ಹೆಸರಿನಲ್ಲಿ ಪರಿಚಯವಾಗಿರುವುದರಿಂದ ಅದು ಆಕ್ಷೇಪಿಸಲೂ ಇಲ್ಲ. ನಿಜವಾದ ಕಡತದ ಹೆಸರನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: 1.16.0 ಆದರೆ ಕೊನೆಯಲ್ಲಿ 2.11600.0, 1.18.0 ಆದರೆ 2.11800.0. ಯಾವ ಪ್ರೋಗ್ರಾಂ ಯಾವ ಫೋಲ್ಡರ್‌ನ ಪ್ರತಿಯನ್ನು ಎತ್ತಿಕೊಳ್ಳುತ್ತಿದೆ ಎಂಬುದನ್ನು ‘ಎಲ್‌ಡಿಡಿ’ ಕಮಾಂಡ್ ತೋರಿಸುತ್ತದೆ.

ಎಲ್‌ಡಿಕಾನ್ಫಿಗ್ ಆ ಸೂಚಿಯನ್ನು ಹೊಸದಾಗಿ ಬರೆಯಿತು. ಉಬುಂಟುವಿನಲ್ಲಿ ‘ಯುಎಸ್‌ಆರ್ ಲೋಕಲ್’ (ಪ್ರಿಫಿಕ್ಸ್ ಕೊಡದಿದ್ದರೆ ಮೆಸಾನ್ ಇನ್‌ಸ್ಟಾಲ್ ಮಾಡುವ ಜಾಗ) ಅಡಿಯಲ್ಲಿರುವ ಲೈಬ್ರರಿಗಳಿಗೆ ಆದ್ಯತೆ ಇರುವುದರಿಂದ, ಅಲ್ಲಿಂದಾಚೆಗೆ ಡೆಸ್ಕ್‌ಟಾಪ್‌ನ ಎಲ್ಲ ಪ್ರೋಗ್ರಾಂಗಳೂ ನೀವು ಕಟ್ಟಿದ ಕೈರೊವನ್ನೇ ಬಳಸತೊಡಗಿದವು. ಫೈಲ್ ಮ್ಯಾನೇಜರ್ ನಿಂತಿರುವ ಜಿಟಿಕೆ ಎಂಬ ಲೈಬ್ರರಿ, ಕೈರೊದ ಎಕ್ಸ್‌ಲಿಬ್ ಭಾಗದ ಫಂಕ್ಷನ್‌ಗಳನ್ನು ಕೇಳುತ್ತದೆ. ನಿಮ್ಮ ಪ್ರತಿಯಲ್ಲಿ ಆ ಭಾಗ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ಫೈಲ್ ಮ್ಯಾನೇಜರ್ ಅನ್ನು ಕಮಾಂಡ್ ಮೂಲಕ ತೆರೆಯಲು ಪ್ರಯತ್ನಿಸಿದಾಗ ‘ಸಿಂಬಲ್ ಲುಕಪ್ ಎರರ್’ ಎಂದು ಬಂದರೆ ಕಾರಣ ಇದೇ. ಮೇಲಿನ ಉತ್ತರದಲ್ಲಿ ಸಾರಾಂಶ ಓದಿ ಎಂದು ಒತ್ತಿ ಹೇಳಿದ್ದು ಈ ಕಾರಣಕ್ಕಾಗಿಯೇ.

ಪರಿಹಾರ ಕಷ್ಟವಲ್ಲ. ಬಿಲ್ಡ್ ಫೋಲ್ಡರ್ ಅನ್ನು ಇನ್ನೂ ಅಳಿಸಿಲ್ಲವಾದರೆ, ಸೂಡೊ ಸಹಿತ ನಿಂಜಾಕ್ಕೆ ‘ಅನ್‌ಇನ್‌ಸ್ಟಾಲ್’ ಎಂದು ಹೇಳಿ, ಮತ್ತೊಮ್ಮೆ ಎಲ್‌ಡಿಕಾನ್ಫಿಗ್ ಓಡಿಸಿ. ಟರ್ಮಿನಲ್ ಕೂಡ ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಪಠ್ಯಮಾತ್ರದ ಕನ್ಸೋಲ್‌ಗೆ ಹೋಗಿ ಅಲ್ಲಿ ಲಾಗಿನ್ ಆಗಿ.

ಆಮೇಲೆ ನಿಮ್ಮ ಹೋಮ್ ಫೋಲ್ಡರ್‌ನೊಳಗೆ ‘ಆಪ್ಟ್-ಕೈರೊ’ ಎಂಬಂಥ ಒಂದು ಜಾಗ ಮಾಡಿ, ಅದನ್ನೇ ಪ್ರಿಫಿಕ್ಸ್ ಎಂದು ಕೊಟ್ಟು ಮೊದಲಿನಿಂದ ಕಟ್ಟಿ. ಹೀಗೆ ಮಾಡಿದರೆ ಇನ್‌ಸ್ಟಾಲ್‌ಗೆ ಸೂಡೊ ಬೇಕಿಲ್ಲ, ವ್ಯವಸ್ಥೆಯ ಯಾವ ಕಡತವೂ ಅಲುಗುವುದಿಲ್ಲ, ಬೇಡವೆನಿಸಿದ ದಿನ ಆ ಫೋಲ್ಡರ್ ಅಳಿಸಿದರೆ ಸಾಕು. ಅದರೊಳಗಿನ ‘ಪಿಕೆಜಿಕಾನ್ಫಿಗ್’ ಫೋಲ್ಡರ್‌ನ ವಿಳಾಸವನ್ನು ‘ಪಿಕೆಜಿ ಕಾನ್ಫಿಗ್ ಪಾತ್’ ಎಂಬ ಚರಾಂಶದಲ್ಲಿ ಹಾಕಿ ನಿಮ್ಮ ಪ್ರೋಗ್ರಾಂ ಕಂಪೈಲ್ ಮಾಡಿ. ಓಡಿಸುವಾಗ ‘ಎಲ್‌ಡಿ ಲೈಬ್ರರಿ ಪಾತ್’ ಅನ್ನು ಆ ಒಂದು ಪ್ರೋಗ್ರಾಂಗೆ ಮಾತ್ರ ಕೊಡಿ. ಅದನ್ನು ಬ್ಯಾಷ್‌ನ ಆರಂಭಿಕ ಕಡತದಲ್ಲಿ ಶಾಶ್ವತವಾಗಿ ಬರೆದಿಡುವ ಅಭ್ಯಾಸ ಒಳ್ಳೆಯದಲ್ಲ, ಏಕೆಂದರೆ ಈಗ ಬಂದಿರುವ ತೊಂದರೆ ಅದೇ ದಾರಿಯಲ್ಲಿ ಮರಳಿ ಬರಬಹುದು. ಹೊಸ ಆವೃತ್ತಿಯನ್ನು ಒಮ್ಮೆ ಪ್ರಯೋಗಿಸಿ ನೋಡುವುದಷ್ಟೇ ಉದ್ದೇಶವಾದರೆ ಇನ್‌ಸ್ಟಾಲ್ ಕೂಡ ಬೇಕಿಲ್ಲ. ‘ಮೆಸಾನ್ ಡೆವ್‌ಎನ್ವ್’ ಎಂಬ ಕಮಾಂಡ್, ಬಿಲ್ಡ್ ಫೋಲ್ಡರ್‌ನಲ್ಲಿರುವ ಪ್ರತಿಯನ್ನೇ ಬಳಸುವ ತಾತ್ಕಾಲಿಕ ಶೆಲ್ ಒಂದನ್ನು ತೆರೆದುಕೊಡುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ಪಿಪ್ ಮೂಲಕ ‘ಪೈಕೈರೊ’ (ಪೈಥಾನ್‌ನಿಂದ ಕೈರೊ ಬಳಸಲು ಬೇಕಾದ ಪ್ಯಾಕೇಜ್) ಹಾಕಲು ಹೋದರೆ ಲಿನಕ್ಸ್‌ನಲ್ಲಿ ಕೈರೊ ಸಿಗಲಿಲ್ಲವೆಂದು ನಿಲ್ಲುತ್ತದೆ, ವಿಂಡೋಸ್‌ನಲ್ಲಿ ಸಲೀಸಾಗಿ ಆಗುತ್ತದೆ. ಏಕೆ?

ಉತ್ತರ: ವಿಂಡೋಸ್‌ಗೆ ಮೊದಲೇ ಕಟ್ಟಿಟ್ಟ ಪ್ಯಾಕೇಜ್ ಸಿಗುತ್ತದೆ. ಲಿನಕ್ಸ್‌ನಲ್ಲಿ ಪಿಪ್ ಅದನ್ನು ನಿಮ್ಮ ಗಣಕದಲ್ಲೇ ಸೋರ್ಸ್‌ನಿಂದ ಕಟ್ಟುತ್ತದೆ. ಅದಕ್ಕಾಗಿ ಕೈರೊವನ್ನು ನೀವು ಕಟ್ಟಬೇಕಾದ ಅಗತ್ಯವಿಲ್ಲ. ಲಿಬ್‌ಕೈರೊ2-ಡೆವ್, ಪಿಕೆಜಿ-ಕಾನ್ಫಿಗ್, ಪೈಥಾನ್3-ಡೆವ್ ಮತ್ತು ಸಿ ಕಂಪೈಲರ್ ಇದ್ದರೆ ಸಾಕು.

ಪ್ರಶ್ನೆ: ಕೈರೊ ಬಳಸಿ ಪ್ರಮಾಣಪತ್ರಗಳ ಪಿಡಿಎಫ್ ಸಿದ್ಧಪಡಿಸುತ್ತಿದ್ದೇನೆ. ‘ಶೋ ಟೆಕ್ಸ್ಟ್’ ಫಂಕ್ಷನ್‌ಗೆ ಕನ್ನಡ ಕೊಟ್ಟರೆ ಒತ್ತಕ್ಷರಗಳೆಲ್ಲ ಒಡೆದು ಬರುತ್ತವೆ. ಹೊಸ ಆವೃತ್ತಿಯನ್ನು ಸೋರ್ಸ್‌ನಿಂದ ಕಟ್ಟಿದರೂ ಸರಿಯಾಗಲಿಲ್ಲ. ಯಾವ ಆಯ್ಕೆಯನ್ನು ಸಕ್ರಿಯಗೊಳಿಸಬೇಕು? (ಧಾರವಾಡದ ಶಿಕ್ಷಕರು)

ಉತ್ತರ: ಅಂಥ ಆಯ್ಕೆ ಕೈರೊದಲ್ಲಿ ಇಲ್ಲ. ನೀವು ಮರಳಿ ಮರಳಿ ಕಟ್ಟಿದರೂ ಫಲ ಇಷ್ಟೇ. ಅಕ್ಷರದ ಆಕಾರವನ್ನು ಹಾಳೆಯ ಮೇಲೆ ಬಿಡಿಸುವುದು ಕೈರೊದ ಕೆಲಸ. ಯಾವ ಆಕಾರ ಬೇಕು, ಅದು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ‘ಶೋ ಟೆಕ್ಸ್ಟ್’ ಅನ್ನು ಕೈರೊದ ದಾಖಲೆಗಳೇ ‘ಆಟಿಕೆ’ ಸೌಲಭ್ಯ ಎಂದು ಕರೆದಿವೆ. ಅದು ಒಂದೊಂದು ಯೂನಿಕೋಡ್ ಸಂಕೇತಕ್ಕೂ ಫಾಂಟ್‌ನಿಂದ ಒಂದೊಂದು ಆಕಾರ ತೆಗೆದು ಸಾಲಾಗಿ ಇಡುತ್ತದೆ, ಅಷ್ಟೇ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಅದರಲ್ಲಿ 7 ಸಂಕೇತಗಳಿವೆ: ಕ, ರ, ಹಲಂತ, ನ, ಆಕಾರದ ಗುರುತು, ಟ, ಕ. ಓದುವವರಿಗೆ ಕಾಣಬೇಕಾದದ್ದು ‘ನಾ’ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಸಂಕೇತಗಳ ಕ್ರಮದಲ್ಲಿ ರಕಾರ ಮುಂಚೆಯೇ ಬಂದಿರುವುದರಿಂದ, ಅವನ್ನು ಇದ್ದಂತೆ ಜೋಡಿಸಿದರೆ ಒಡೆದ ರೂಪವೇ ಸಿಗುತ್ತದೆ.

ಈ ಮರುಜೋಡಣೆಯನ್ನು ಮಾಡುವುದು ಹಾರ್ಫ್‌ಬಜ್ ಎಂಬ ಬೇರೊಂದು ಲೈಬ್ರರಿ. ಫಾಂಟ್‌ನೊಳಗೆ ಅದರ ವಿನ್ಯಾಸಕಾರರು ಬರೆದಿಟ್ಟ ಓಪನ್‌ಟೈಪ್ ನಿಯಮಗಳನ್ನು ಓದಿ, ಕನ್ನಡ ಲಿಪಿಯ ಕ್ರಮಕ್ಕೆ ತಕ್ಕಂತೆ ಆಕಾರಗಳನ್ನು ಅದು ಆರಿಸಿಕೊಡುತ್ತದೆ. ಸಾಲು ಮುರಿಯುವುದು, ಅಂಚು ಹೊಂದಿಸುವುದು ಪ್ಯಾಂಗೊ ಲೈಬ್ರರಿಗೆ ಸೇರಿದ್ದು. ಹಾರ್ಫ್‌ಬಜ್ ಅನ್ನು ಅದು ತನ್ನೊಳಗೇ ಬಳಸಿಕೊಳ್ಳುತ್ತದೆ.

ಆದ್ದರಿಂದ ಉಬುಂಟುವಿನ ‘ಲಿಬ್‌ಪ್ಯಾಂಗೊ1.0-ಡೆವ್’ ಪ್ಯಾಕೇಜ್ ಹಾಕಿಕೊಳ್ಳಿ, ವ್ಯವಸ್ಥೆಯಲ್ಲಿರುವ ಕೈರೊವನ್ನೇ ಬಳಸಿ. ಪ್ರೋಗ್ರಾಂನಲ್ಲಿ ‘ಪ್ಯಾಂಗೊ ಕೈರೊ ಕ್ರಿಯೇಟ್ ಲೇಔಟ್’ ಮೂಲಕ ಒಂದು ಲೇಔಟ್ ಪಡೆದು, ಅದಕ್ಕೆ ಫಾಂಟ್ ಮತ್ತು ಪಠ್ಯ ಕೊಟ್ಟು, ಶೋ ಟೆಕ್ಸ್ಟ್ ಇದ್ದ ಕಡೆ ‘ಪ್ಯಾಂಗೊ ಕೈರೊ ಶೋ ಲೇಔಟ್’ ಎಂದು ಬದಲಿಸಿ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ನವಿಲು, ಗುಬ್ಬಿ ಇವೆಲ್ಲ ಮುಕ್ತವಾಗಿ ಸಿಗುವ ಫಾಂಟ್‌ಗಳು. ಫಾಂಟ್‌ನ ಹೆಸರನ್ನು ಸ್ಪಷ್ಟವಾಗಿ ಸೂಚಿಸಿ. ಇಲ್ಲವಾದರೆ ಫಾಂಟ್‌ಕಾನ್ಫಿಗ್ ತನಗೆ ಸಿಕ್ಕಿದ್ದನ್ನು ಆರಿಸುವುದರಿಂದ, ಶಾಲೆಯ ಒಂದೊಂದು ಗಣಕದಲ್ಲಿ ಪ್ರಮಾಣಪತ್ರ ಒಂದೊಂದು ರೀತಿ ಬಂದೀತು. ಎಲ್ಲರಿಗೂ ಕೊಡುವ ಮೊದಲು ‘ರ್’, ‘ಕ್ಷ್ಮಿ’, ‘ಸ್ತ್ರ’ ಇರುವ ಹೆಸರುಗಳನ್ನು ಆರಿಸಿ ಒಂದು ಪ್ರತಿ ಮುದ್ರಿಸಿ ನೋಡಿ. ದೋಷವಿದ್ದರೆ ಮೊದಲು ಕಾಣಿಸಿಕೊಳ್ಳುವುದು ಅಂಥ ಹೆಸರುಗಳಲ್ಲೇ.