ಅಕ್ಕಿ ಡಬ್ಬದ ತಳದ ಚೀಟಿ ಪುಸ್ತಕ

ಪ್ರಶ್ನೆ: ಅಕ್ಕಾ, ನಾವು ದಾವಣಗೆರೆಯವರು. ಯಜಮಾನರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಎಂಟು ವರ್ಷದ ಮಗನಿಗೆ ಎರಡು ವರ್ಷದಿಂದ ಫಿಟ್ಸ್. ಮಾತ್ರೆಯಿಂದ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹೋದ ತಿಂಗಳು ಮನೆ ಪ್ರಾರ್ಥನೆಗೆ ಬಂದ ಹಿರಿಯರೊಬ್ಬರು ಬೈಬಲಿನ ಆಕಾನನ ಕಥೆ ಓದಿ, 'ಈ ಗುಡಾರದಲ್ಲೂ ಏನೋ ಹೂತಿಟ್ಟಿದೆ. ಅದು ಹೊರಗೆ ಬರುವ ತನಕ ಮಗು ವಾಸಿಯಾಗಲ್ಲ' ಅಂದರು. ಮಾತ್ರೆ ಕೊಡುವುದೂ ಅಪನಂಬಿಕೆಯಂತೆ. ನನ್ನ ಎದೆ ಧಸಕ್ಕೆಂದಿತು. ಚೀಟಿ ಎತ್ತಿದ 40,000 ರೂಪಾಯಿಯನ್ನು ಯಜಮಾನರಿಗೆ ಹೇಳದೆ ನಮ್ಮವ್ವನ ಮನೆಯ ಸೂರು ರಿಪೇರಿಗೆ ಕೊಟ್ಟಿದ್ದೇನೆ. ಚೀಟಿ ಪುಸ್ತಕ ಅಕ್ಕಿ ಡಬ್ಬದ ತಳದಲ್ಲಿದೆ. ನನ್ನ ಪಾಪ ಮಗನಿಗೆ ತಟ್ಟಿತಾ? ಮಾತ್ರೆ ನಿಲ್ಲಿಸಲಾ?

ಉತ್ತರ: ತಂಗೀ, ಮೊದಲು ಮಾತ್ರೆಯ ವಿಷಯ. ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಒಂದರ ಹಿಂದೊಂದು ಬರಬಹುದು, ಜೀವಕ್ಕೇ ಕುತ್ತಾಗಬಹುದು. ಕಡಿಮೆ ಮಾಡುವುದಿದ್ದರೂ ಡಾಕ್ಟರೇ ಹೇಳಬೇಕು. ಇವತ್ತಿನ ಮಾತ್ರೆ ಕೊಟ್ಟಿದ್ದೀರಾ? ಇಲ್ಲದಿದ್ದರೆ ಎದ್ದು ಕೊಟ್ಟು ಬನ್ನಿ, ಆಮೇಲೆ ಮುಂದಿನದು ಓದಿ.

ಆಕಾನನ ಕಥೆಗೆ ಬರೋಣ. ಸಂಡೇ ಸ್ಕೂಲಿನಲ್ಲಿ ಅದನ್ನು ಕೇಳಿ ಬಂದ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲ. ಪಕ್ಕದವಳ ರಬ್ಬರ್ ಕದ್ದು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ! ಹೆದರಿಸುವ ಶಕ್ತಿ ಆ ಕಥೆಗೆ ಇದೆ. ಆದರೆ ಯೆಹೋಶುವನ ಪುಸ್ತಕದ 7ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಇಸ್ರಾಯೇಲ್ ಜನ ಗೆದ್ದ ಯೆರಿಕೋ ಊರಿನ ಕೊಳ್ಳೆಯನ್ನು ಯಾರೂ ಮುಟ್ಟಬಾರದು ಅಂತ ಅಪ್ಪಣೆಯಾಗಿತ್ತು. ಅವರಲ್ಲೊಬ್ಬನಾದ ಆಕಾನ ಒಂದು ಒಳ್ಳೆ ನಿಲುವಂಗಿ, 200 ಶೆಕೆಲ್ (ಆ ಕಾಲದ ತೂಕ) ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಎತ್ತಿಕೊಂಡು ಗುಡಾರದ ನೆಲದಲ್ಲಿ ಹೂತಿಟ್ಟ. ಅದಕ್ಕೆ ದೇವರು ಮುನಿದು, ಮುಂದೆ ಆಯಿ ಊರಿನ ಯುದ್ಧದಲ್ಲಿ ಅವನ ಜನಕ್ಕೆ ಸೋಲಾಗಿ 36 ಮಂದಿ ಸತ್ತರು. ಇದು ಯುದ್ಧದ, ಕೊಳ್ಳೆಯ ಕಥೆ. ಯಾವ ಮಗುವಿನ ಕಾಯಿಲೆಗೂ ಅಲ್ಲಿ ಕಾರಣ ಹುಡುಕಿಲ್ಲ. ನೀವು ಯಾರ ಊರನ್ನೂ ಕೊಳ್ಳೆ ಹೊಡೆದಿಲ್ಲ, ಹೆತ್ತವಳ ಸೂರು ಸೋರದ ಹಾಗೆ ಮಾಡಿದ್ದೀರಿ.

ಆ ಕಥೆಯ ಕೊನೆಯಲ್ಲಿ ಆಕಾನನ ಮಕ್ಕಳೂ ಸಾಯುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಈಗಲೂ ಆ ಸಾಲು ಓದುವಾಗ ನನಗೆ ಗಂಟಲು ಕಟ್ಟುತ್ತೆ. ಆದರೆ ಬೈಬಲ್ ಅಲ್ಲಿಗೇ ನಿಲ್ಲುವುದಿಲ್ಲ, ಅಲ್ವಾ? 'ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಜುಮ್ಮೆನ್ನುತ್ತೆ' ಅನ್ನುವ ಗಾದೆ ಆ ಜನರಲ್ಲಿ ಓಡಾಡುತ್ತಿತ್ತು. ಯೆಹೆಜ್ಕೇಲ ಪ್ರವಾದಿಯ ಪುಸ್ತಕದ 18ನೇ ಅಧ್ಯಾಯದಲ್ಲಿ ದೇವರೇ, ಆ ಗಾದೆಯನ್ನು ಇನ್ನು ನೀವು ಆಡಬಾರದು, ಮಗ ಅಪ್ಪನ ದೋಷ ಹೊರುವುದಿಲ್ಲ ಅನ್ನುತ್ತಾನೆ. ಆಕಾನನನ್ನು ಓದಿದ ಹಿರಿಯರು ಇಲ್ಲಿಯ ತನಕ ಪುಟ ತಿರುಗಿಸಲಿಲ್ಲವೇನೋ.

ನಮ್ಮ ಓಣಿಗಳಲ್ಲೂ ಮಗುವಿಗೆ ಏನಾದರೂ ಆದರೆ 'ಯಾರು ಮಾಡಿದ ಕರ್ಮವೋ' ಅನ್ನುತ್ತಾರೆ. ಯೇಸುವಿನ ಶಿಷ್ಯರೂ ಅದನ್ನೇ ಕೇಳಿದ್ದು. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ ಅಂದರು. ಇವನೂ ಅಲ್ಲ, ಇವನ ಅಪ್ಪ ಅಮ್ಮನೂ ಅಲ್ಲ ಅನ್ನುವ ಉತ್ತರ ಬಂತು. ಯೋಹಾನನ 9ನೇ ಅಧ್ಯಾಯ. ಅದೇ ಅಧ್ಯಾಯದಲ್ಲಿ, ಯೇಸು ಅವನಿಗೆ ಕಣ್ಣು ಕೊಟ್ಟ ಮೇಲೆ, ದೊಡ್ಡವರೆಲ್ಲ ಸೇರಿ ಆ ಅಪ್ಪ ಅಮ್ಮನನ್ನು ಕರೆಸಿ ನಿಲ್ಲಿಸಿ ಪ್ರಶ್ನೆ ಹಾಕುತ್ತಾರೆ. ಅವರು ಹೆದರಿ, ಅವನನ್ನೇ ಕೇಳಿ ಅಂದುಬಿಡುತ್ತಾರೆ. ನಿಮ್ಮದೇ ಮನೆಯಲ್ಲಿ, ಹತ್ತು ಜನರ ಮುಂದೆ ನೀವು ತಲೆ ಬಗ್ಗಿಸಿ ಕೂತಿದ್ದು ನನಗೆ ಕಾಣಿಸಿತು. ಕಡೆಗೂ 'ನೀನು ಪಾಪದಲ್ಲೇ ಹುಟ್ಟಿದವನು' ಅಂತ ಹಟ ಹಿಡಿದವರು ಯಾರು ಗೊತ್ತಾ? ಅವನನ್ನು ಹೊರಗೆ ಹಾಕಿದವರು.

ಇನ್ನು, ನಿಮ್ಮ ಮಗನಂಥ ಹುಡುಗನೇ ಮಾರ್ಕನ 9ನೇ ಅಧ್ಯಾಯದಲ್ಲಿ ಇದ್ದಾನೆ. ನೆಲಕ್ಕೆ ಬೀಳುತ್ತಾನೆ, ಬಾಯಲ್ಲಿ ನೊರೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತೆ. ಸುತ್ತ ದೊಡ್ಡವರು ವಾದ ಮಾಡುತ್ತಿದ್ದಾರೆ. ಯೇಸು ಆ ಅಪ್ಪನನ್ನು 'ಏನು ಪಾಪ ಮಾಡಿದೆ' ಅಂತ ಕೇಳುವುದಿಲ್ಲ. ಇದು ಎಷ್ಟು ದಿನದಿಂದ ಹೀಗೆ ಅಂತ ಕೇಳುತ್ತಾನೆ. ಡಾಕ್ಟರು ಮೊದಲು ಕೇಳುವುದೂ ಅದನ್ನೇ. ಚಿಕ್ಕಂದಿನಿಂದ, ಬೆಂಕಿಗೂ ನೀರಿಗೂ ಎಷ್ಟೋ ಸಲ ಬಿದ್ದಿದ್ದಾನೆ ಅನ್ನುತ್ತಾನೆ ಅಪ್ಪ. ಭಟ್ಟಿಯ ಬೆಂಕಿ ನೋಡಿದ ನಿಮಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಪ್ಪನಿಗೆ ಬುತ್ತಿ ಕೊಡಲು ಅಂತ ಮಗನನ್ನು ಒಬ್ಬನೇ ಅತ್ತ ಕಳಿಸಬೇಡಿ. ಕುಂದವಾಡ ಕೆರೆ ಕಡೆ ಹೋದರೂ ಕೈ ಬಿಡಬೇಡಿ. ಫಿಟ್ಸ್ ಬಂದಾಗ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಏನೂ ಆಗಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ಹೌದು, ಆ ಕಥೆಯಲ್ಲಿ ದೆವ್ವದ ಮಾತಿದೆ, 'ಪ್ರಾರ್ಥನೆಯಿಂದಲೇ ಹೋಗುವುದು' ಅಂತಲೂ ಇದೆ. ಹಿರಿಯರು ಅದನ್ನೂ ಎತ್ತಬಹುದು. ಎತ್ತಲಿ. ಹುಡುಗನ ಮೇಲಾಗಲಿ, ಅವನ ಅಪ್ಪನ ಮೇಲಾಗಲಿ ಅಲ್ಲಿ ಪಾಪ ಹೊರಿಸಿಲ್ಲ. ಪೂರ್ತಿ ನಂಬಿಕೆಯನ್ನೂ ಕೇಳಿಲ್ಲ. ಆ ಅಪ್ಪ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಅಳುತ್ತಾನೆ. ಅಷ್ಟಕ್ಕೇ ಮಗ ಎದ್ದು ನಿಂತ. ಇನ್ನು ಮದ್ದಿನ ಮಾತು. ಹಿಜ್ಕೀಯ ರಾಜನ ಪ್ರಾರ್ಥನೆಯನ್ನು ದೇವರು ಕೇಳಿ 15 ವರ್ಷ ಆಯಸ್ಸು ಕೊಟ್ಟ ಮೇಲೂ ಯೆಶಾಯ ಪ್ರವಾದಿ ಅವನ ಹುಣ್ಣಿಗೆ ಅಂಜೂರದ ಮುದ್ದೆ ಕಟ್ಟಿಸಿದ. ಹರಿಹರದಲ್ಲಿ ಆರೋಗ್ಯ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ಅಲ್ಲಿಂದಲೇ ಬಸ್ ಹತ್ತಿ ದಾವಣಗೆರೆಯ ಆಸ್ಪತ್ರೆಗೆ ಬರುವವರು ಎಷ್ಟಿಲ್ಲ! ಅವರ ನಂಬಿಕೆ ಯಾವ ಸ್ಟಾಪಿನಲ್ಲೂ ಇಳಿದು ಹೋಗಿರುವುದಿಲ್ಲ.

ಹಾಗಾದರೆ ಆ 40,000? ಅದನ್ನು ಯಜಮಾನರಿಗೆ ಹೇಳಲೇಬೇಕು. ಮಗ ವಾಸಿಯಾಗಲಿ ಅಂತಲ್ಲ, ಅದು ಇಬ್ಬರ ದುಡಿಮೆಯ ದುಡ್ಡು ಅಂತ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಕಟ್ಟಿದರೆ, ನೀವು ಹೇಳಿದ ಮರುದಿನವೇ ಮಗನಿಗೆ ಫಿಟ್ಸ್ ಬಂದರೆ 'ಇನ್ನೂ ಏನೋ ಬಚ್ಚಿಟ್ಟಿದ್ದಾಳೆ' ಅನ್ನುತ್ತಾರೆ. ಬಾರದಿದ್ದರೆ, ಇಷ್ಟು ದಿನ ಮಗನನ್ನು ನರಳಿಸಿದ್ದು ನಾನೇ ಅಂತ ನೀವು ಕೊರಗುತ್ತೀರಿ. ಪ್ರಾರ್ಥನೆ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳುವ ವಿಷಯವೂ ಇದಲ್ಲ. ಭಟ್ಟಿಯಿಂದ ದಣಿದು ಬಂದ ಗಳಿಗೆಯಲ್ಲೂ ಬೇಡ. ಭಾನುವಾರ ಊಟ ಆದ ಮೇಲೆ ಹೇಳಿ. ಬೈದರೆ ಬೈಸಿಕೊಳ್ಳಿ, ಅಷ್ಟಕ್ಕೆ ಅವರಿಗೆ ಹಕ್ಕಿದೆ. ಮಾತು ಬಿಟ್ಟು ಕೈ ಎತ್ತುವವರಾದರೆ ಒಬ್ಬರೇ ಇದ್ದಾಗ ಹೇಳಬೇಡಿ, ನಂಬಿಕೆಯ ಹಿರಿಯ ಹೆಂಗಸು ಯಾರನ್ನಾದರೂ ಜೊತೆಗೆ ಇಟ್ಟುಕೊಳ್ಳಿ.

ಹೇಳಿದ ಮೇಲೆ ಚೀಟಿ ಪುಸ್ತಕವನ್ನು ಮತ್ತೆ ಅಕ್ಕಿ ಡಬ್ಬಕ್ಕೆ ಹಾಕಬೇಡಿ. ಹಿಂದಿನ ಪುಟಗಳು ಖಾಲಿ ಇರುತ್ತವೆ. ಮಗನಿಗೆ ಫಿಟ್ಸ್ ಬಂದ ತಾರೀಖು, ಹೊತ್ತು, ಎಷ್ಟು ನಿಮಿಷ ಇತ್ತು, ಅವತ್ತು ಜ್ವರ ಇತ್ತಾ, ನಿದ್ದೆ ಕೆಟ್ಟಿತ್ತಾ, ಮಾತ್ರೆ ತಪ್ಪಿತ್ತಾ, ಇಷ್ಟನ್ನು ಅಲ್ಲೇ ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅದನ್ನು ಯಜಮಾನರ ಕೈಗೆ ಕೊಟ್ಟು ಕರೆದುಕೊಂಡು ಹೋಗಿ.