ಗಾಲ್ಫ್‌ನಲ್ಲಿ ಇಳಿಜಾರಿನ ಪಾರ್ 4: ಡ್ರೈವರ್ ಬ್ಯಾಗಲ್ಲೇ ಇರ್ಲಿ

ಪ್ರಶ್ನೆ: ಸರ್, ನಮ್ದು ಮಡಿಕೇರಿ ಕಡೆ, ಹ್ಯಾಂಡಿಕ್ಯಾಪ್ 18 (18 ಹೋಲಿಗೆ ಸಿಗೋ ರಿಯಾಯಿತಿ ಶಾಟ್), ರೈಟ್ ಹ್ಯಾಂಡ್ ಆಟ. ನಮ್ಮ ಕೋರ್ಸಲ್ಲಿ ಒಂದು ಪಾರ್ 4 (4 ಶಾಟಲ್ಲಿ ಮುಗಿಸ್ಬೇಕಾದ ಹೋಲ್) ಇದೆ, ಮೊದಲ ಶಾಟ್ ಹೊಡೆಯೋ ಟೀ ಎತ್ತರದಲ್ಲಿ, ನಡುವಿನ ಹುಲ್ಲಿನ ದಾರಿ ಅಂದ್ರೆ ಫೇರ್‌ವೇ ಪೂರ್ತಿ ಇಳಿಜಾರು ಜೊತೆಗೆ ಬಲದಿಂದ ಎಡಕ್ಕೆ ವಾಲಿದೆ, ಕುಳಿ ಇರೋ ಗ್ರೀನ್ ಮತ್ತೆ ಏರಿನ ಮೇಲೆ, ಅದರ ಎಡಕ್ಕೆ ಕೊರಕಲು. ಡ್ರೈವ್ (ಅತಿ ದೂರ ಹೊಡೆಯೋ ಕ್ಲಬ್ ಡ್ರೈವರ್‌ನಿಂದ ಮೊದಲ ಶಾಟ್) ಚೆನ್ನಾಗೇ ಬೀಳುತ್ತೆ, ಆದ್ರೂ ಪ್ರತಿ ಸಲ 6, 7 ಆಗುತ್ತೆ, ಯಾಕೆ?

ಉತ್ತರ: ನಿಮ್ಮ ತೊಂದರೆ ಇರೋದು ಎರಡನೇ ಶಾಟಲ್ಲಿ ಸರ್. ಬಲಗಡೆ ಎತ್ತರ ಅಂದ್ರೆ ನೀವು ನಿಂತಾಗ ಬಾಲ್ ನಿಮ್ಮ ಪಾದಕ್ಕಿಂತ ಮೇಲಿರುತ್ತೆ, ಅಲ್ಲಿಂದ ಹೊಡೆದ ಬಾಲ್ ತಾನಾಗೇ ಎಡಕ್ಕೆ ಹೋಗುತ್ತೆ, ಕೊರಕಲು ಇರೋದೂ ಅಲ್ಲೇ. ಅದರ ಮೇಲೆ ಇಳಿಜಾರಲ್ಲಿ ನಿಂತು ಹೊಡೆದ್ರೆ ಬಾಲ್ ಏಳೋದೇ ಇಲ್ಲ, ಗ್ರೀನ್ ನೋಡಿದ್ರೆ ಮೇಲಿದೆ!

ಅಮೆರಿಕದ ಅಗಸ್ಟಾ ನ್ಯಾಷನಲ್‌ನ 10ನೇ ಹೋಲ್ ಹೆಚ್ಚುಕಮ್ಮಿ ಇದೇ ತರ, 495 ಗಜದ ಪಾರ್ 4, ಟೀಯಿಂದ ನೂರು ಅಡಿಗೂ ಜಾಸ್ತಿ ಇಳಿಯುತ್ತೆ. 2011ರ ಮಾಸ್ಟರ್ಸ್ ಟೂರ್ನಮೆಂಟ್‌ನ ಕೊನೇ ದಿನ 4 ಶಾಟ್ ಲೀಡ್ ಇಟ್ಕೊಂಡು ಶುರು ಮಾಡಿದ್ದ ರೋರಿ ಮ್ಯಾಕಿಲ್‌ರಾಯ್ ಅಲ್ಲಿ ಡ್ರೈವ್ ಎಡಕ್ಕೆ ಎಳೆದು, ಬಾಲ್ ಮರಕ್ಕೆ ಬಡಿದು ಕ್ಯಾಬಿನ್‌ಗಳ ಹತ್ರ ಹೋಗಿ 7 ಆಯ್ತು. ಅಷ್ಟು ದೊಡ್ಡ ಆಟಗಾರನಿಗೇ ಎಡಗಡೆ ಹೀಗೆ ಮಾಡಿದ್ರೆ ನಾವಂತೂ ಅತ್ತ ಹೋಗ್ಲೇಬಾರ್ದು.

ಅದಕ್ಕೇ ಹೇಳ್ತೀನಿ, ಒಂದಿನ ಬೆಳಗ್ಗೆ ಬೇಗ ಹೋಗಿ ಗ್ರೀನ್‌ನಿಂದ ಟೀ ಕಡೆಗೆ ಹಿಂದಕ್ಕೆ ನಡ್ಕೊಂಡು ಬನ್ನಿ, ಫೇರ್‌ವೇಲಿ ಕಾಲು ಸಮ ನಿಲ್ಲೋ ಜಾಗ ಎಲ್ಲಿದೆ ನೋಡಿ, ಬಲಭಾಗದಲ್ಲಿ ಸಿಕ್ರೆ ಇನ್ನೂ ಒಳ್ಳೇದು. ಟೀಯಿಂದ ಅಲ್ಲಿಗೆ ಯಾವ ಕ್ಲಬ್ ಬೇಕೋ ಅದನ್ನೇ ತಗೊಳ್ಳಿ, ಡ್ರೈವರ್‌ಗಿಂತ ಕಮ್ಮಿ ದೂರ ಹೋಗೋ 5 ವುಡ್ ಆದ್ರೂ ಸರಿ ಹೈಬ್ರಿಡ್ ಆದ್ರೂ ಸರಿ. ಗ್ರೀನ್‌ಗೆ ದೂರ ಉಳಿಯುತ್ತೆ ನಿಜ, ಆದ್ರೆ ನನ್ ಪ್ರಕಾರ ಓರೆ ಜಾಗದಿಂದ 130 ಗಜಕ್ಕಿಂತ ಸಮ ಜಾಗದಿಂದ 170 ಗಜ ಎಷ್ಟೋ ವಾಸಿ.

ಸಮ ಜಾಗ ಸಿಗ್ಲಿಲ್ವಾ, ಗ್ರಿಪ್ ಒಂದಿಂಚು ಕೆಳಗೆ ಹಿಡೀರಿ, ಗುರಿ ಗ್ರೀನ್‌ನ ಬಲ ಅಂಚಿಗೆ ಇಡಿ, ಭುಜ ಇಳಿಜಾರಿನ ಜೊತೆಗೇ ವಾಲ್ಲಿ, ಮುಕ್ಕಾಲು ಸ್ವಿಂಗ್ ಸಾಕು. ಎತ್ತರದ ಲೆಕ್ಕಕ್ಕೆ ಪ್ರತಿ 3 ಅಡಿ ಏರಿಗೆ ಸುಮಾರು 1 ಗಜ ಸೇರಿಸ್ಕೊಳ್ಳಿ, 30 ಅಡಿ ಏರಿದ್ರೆ ಸುಮಾರು 10 ಗಜ, ಅಂದ್ರೆ ಒಂದು ಕ್ಲಬ್ ದೊಡ್ಡದು ತಗೊಳ್ಳಿ. ಮಳೆಗಾಲದಲ್ಲಿ ಬಾಲ್ ಉರುಳಲ್ಲ, ಆಗ ಟೀಯಿಂದ ಇನ್ನೊಂದು ಕ್ಲಬ್ ಜಾಸ್ತಿ ಬೇಕಾಗ್ಬೋದು.

ಇನ್ನೊಂದು ಸರ್, 18 ಹ್ಯಾಂಡಿಕ್ಯಾಪ್ ಅಂದ್ರೆ ಆ ಹೋಲಲ್ಲೂ ನಿಮಗೆ ಒಂದು ಶಾಟ್ ಸಿಗುತ್ತೆ, 5 ಮಾಡಿದ್ರೂ ಆ ಶಾಟ್ ಕಳೆದ್ರೆ 4, ಅದು ನೆಟ್ ಪಾರ್. ಹಾಗಾಗಿ ಎರಡನೇದನ್ನ ಗ್ರೀನ್ ಮುಂದೆ ಬಲಕ್ಕೆ ನಿಲ್ಲಿಸಿ, ಅಲ್ಲಿಂದ ಚಿಪ್ ಮಾಡಿ (ಚಿಕ್ಕ ಶಾಟಲ್ಲಿ ಗ್ರೀನ್ ಮೇಲೆ ಹಾಕಿ) ಎರಡು ಪಟ್ (ಗ್ರೀನ್ ಮೇಲೆ ಉರುಳಿಸೋ ಶಾಟ್) ಹೊಡೀರಿ.