ಮಳೆ ಬಂದ್ರೆ ರೇಡಿಯೋ ಯಾಕೆ ಗೊರಗೊರ ಅನ್ನತ್ತೆ? ಏರಿಯಲ್ ಕನೆಕ್ಟರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಸುಮಾರು ಏರಿಯಲ್ ಬಗ್ಗೇನೇ ಇದಾವೆ. ಓದ್ತಾ ಹೋದ ಹಾಗೆ ಬಹುಪಾಲು ಕಷ್ಟ ಒಂದೇ ಜಾಗದಲ್ಲಿ ಕಾಣಿಸ್ತು, ಕೇಬಲ್ಲಿನ ತುದೀಲಿ, ಬೆರಳುದ್ದದ ಆ ಕನೆಕ್ಟರಲ್ಲಿ. ಏರಿಯಲ್ಲಿಗೆ ಸಾವಿರಾರು ರೂಪಾಯಿ ಹಾಕೋರು ಕನೆಕ್ಟರ್ ತಗೊಳ್ಳುವಾಗ ಅಂಗಡಿಯವರು ಕೊಟ್ಟಿದ್ದನ್ನ ಜೇಬಿಗೆ ಹಾಕ್ಕೊಂಡು ಬರ್ತಾರೆ, ನಂಗದು ನಿಜವಾಗ್ಲೂ ಬೇಜಾರಾಗೋ ವಿಷಯ. ಅದಕ್ಕೇ ಈ ತಿಂಗಳು ಪೂರ್ತಿ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸರ್, ನಮ್ದು ಸೋಮವಾರಪೇಟೆ ಹತ್ರ ತೋಟದ ಮನೆ. ಮಡಿಕೇರಿ ಆಕಾಶವಾಣಿ 103.1 ಕೇಳೋಕೆ ಅಂತ ಮಾಡಿನ ಪಕ್ಕ ಪೈಪ್ ನಿಲ್ಲಿಸಿ, ಎರಡು ಅಲ್ಯೂಮಿನಿಯಂ ಕಡ್ಡಿ ಕಟ್ಟಿ, ಡಿಶ್ಶಿನ ಕೇಬಲ್ ಎಳೆದಿದೀವಿ. ಮೊದಲ ವರ್ಷ ತುಂಬಾ ಚೆನ್ನಾಗಿ ಬರ್ತಿತ್ತು. ಆಮೇಲೆ ಮಳೆ ಹಿಡಿದ್ರೆ ಗೊರಗೊರ ಶುರು, ಎರಡು ದಿನ ಬಿಸಿಲು ಬಿದ್ರೆ ಮತ್ತೆ ಸರಿ. ಈ ವರ್ಷ ಬಿಸಿಲು ಬಂದ್ರೂ ಸರಿಯಾಗ್ತಿಲ್ಲ. ಮೇಲೆ ಕೇಬಲ್ಲನ್ನ ಕಡ್ಡಿಗೆ ಸುತ್ತಿ ಕರಿ ಟೇಪ್ ಹಾಕಿದೀವಿ. ಏರಿಯಲ್ ಬದಲಾಯಿಸ್ಬೇಕಾ?

ಉತ್ತರ: ಏರಿಯಲ್ ಬೇಡ, ಕೇಬಲ್ ಬದಲಾಯಿಸ್ಬೇಕಾಗತ್ತೆ ಅನ್ಸತ್ತೆ. ಒಂದು ಕೆಲಸ ಮಾಡಿ. ಮೇಲೆ ಹತ್ತಿ ಆ ಕರಿ ಟೇಪ್ ಬಿಚ್ಚಿ, ಕೇಬಲ್ ತುದಿಯಿಂದ ಒಂದು ಗೇಣು ಹೊರಗಿನ ಕರಿ ಸಿಪ್ಪೆ ಸೀಳಿ ನೋಡಿ. ಒಳಗಿನ ಜಾಲರಿ ತಂತಿ ಹೊಳೀತಾ ಇರ್ಬೇಕಿತ್ತು. ನಿಮ್ಮದು ಬೂದು ಪುಡಿ ಪುಡಿಯಾಗಿ ಕೈಗೆ ಅಂಟ್ಕೊಳ್ಳತ್ತೆ, ತಾಮ್ರದ ಜಾಲರಿ ಆಗಿದ್ರೆ ಕಾಯಿಸಿದ ಟೀ ಸೊಪ್ಪಿನ ಹಾಗೆ ಕಪ್ಪಾಗಿ ಅಲ್ಲಲ್ಲಿ ಹಸಿರು ಕಿಲುಬು ಕಟ್ಟಿರತ್ತೆ. ಕೆಲವು ಸಲ ಕೇಬಲ್ಲನ್ನ ಕೆಳಮುಖ ಹಿಡಿದು ಅಲ್ಲಾಡಿಸಿದ್ರೆ ಹನಿ ನೀರೇ ಬೀಳತ್ತೆ. ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ಜಾಲರಿ ನೀರು ಎಳ್ಕೊಳ್ಳತ್ತೆ, ತುದೀಲಿ ನುಗ್ಗಿದ ನೀರು ಮೀಟರುಗಟ್ಟಲೆ ಒಳಗೆ ಹೋಗತ್ತೆ. ಮುಂಚೆ ಎರಡು ದಿನದ ಬಿಸಿಲಿಗೆ ಒಣಗಿ ಸರಿಹೋಗ್ತಿದ್ದಿದ್ದು ಅದಕ್ಕೇ, ಈಗ ಜಾಲರಿ ತುಕ್ಕು ತಿಂದುಬಿಟ್ಟಿರೋದ್ರಿಂದ ಒಣಗಿದ್ರೂ ಪ್ರಯೋಜನ ಇಲ್ಲ. ಒಂದು ಮೀಟರ್ ಕತ್ತರಿಸಿದ ಮೇಲೆ ಹೊಳೆಯೋ ಜಾಲರಿ ಸಿಕ್ತು ಅಂದ್ರೆ ಅಲ್ಲಿಂದಾಚೆಗಿನ ಕೇಬಲ್ ಇಟ್ಕೊಳ್ಳಿ, ಇಲ್ಲಾಂದ್ರೆ ಹೊಸದು ತನ್ನಿ.

ಹೊಸದೂ ಅದೇ ಡಿಶ್ಶಿನ ಆರ್‌ಜಿ-6 ಇರ್ಲಿ, ಎಫ್‌ಎಂ ಕೇಳೋಕೆ ಅದು ಒಳ್ಳೇ ಕೇಬಲ್. ಅದಕ್ಕೆ ಹಾಕೋದು ಎಫ್ ಕನೆಕ್ಟರ್, ಡಿಶ್ ಹಾಕೋ ಹುಡುಗರ ಚೀಲದಲ್ಲಿ ಇರತ್ತಲ್ಲ ಅದೇ. ಅದ್ರಲ್ಲಿ ಮೂರು ಥರ ಇದೆ: ಕೈಯಲ್ಲಿ ತಿರುಗಿಸಿ ಹಾಕೋದು, ಇಕ್ಕಳದಲ್ಲಿ ಒತ್ತೋದು, ಕಂಪ್ರೆಷನ್. ತಿರುಗಿಸೋದು ಮನೆ ಒಳಗಡೆ ಆದ್ರೆ ನಡೆಯತ್ತೆ, ಹೊರಗಡೆ ದಯವಿಟ್ಟು ಬೇಡ. ಕೊಡಗಿನ ಮಳೆಗೆ ಕಂಪ್ರೆಷನ್ ಒಂದೇ ಸರಿ. ಅದನ್ನ ಒತ್ತೋ ಟೂಲ್ ನಿಮ್ಮ ಹತ್ರ ಇರಲ್ಲ, ಊರಿನ ಡಿಶ್ ಹುಡುಗನಿಗೆ ಹೇಳಿದ್ರೆ ಐದು ನಿಮಿಷದ ಕೆಲಸ, ಆದ್ರೆ ಪಕ್ಕದಲ್ಲೇ ನಿಂತು ನೋಡಿ. ಕರಿ ಸಿಪ್ಪೆ ಸುಮಾರು 12 ಮಿ.ಮೀ. ತೆಗೆದು ಜಾಲರೀನ ಹಿಂದಕ್ಕೆ ಮಡಚಬೇಕು, ಬಿಳಿ ಫೋಮ್ 6 ಮಿ.ಮೀ. ಉಳಿಸಿ ಮುಂದಿನದನ್ನ ತೆಗೀಬೇಕು, ಕನೆಕ್ಟರನ್ನ ಆ ಬಿಳಿ ಫೋಮ್ ಒಳಗಿನ ತಳಕ್ಕೆ ಸಮ ಬರೋವರೆಗೂ ಒತ್ತಿ ತಳ್ಳಬೇಕು. ನಡುವಿನ ತಂತಿ ನಟ್ಟಿನ ಅಂಚಿಂದ 2-3 ಮಿ.ಮೀ. ಹೊರಗೆ ಕಾಣ್ಬೇಕು. ಎಫ್ ಕನೆಕ್ಟರಲ್ಲಿ ಬೇರೆ ಪಿನ್ ಇರಲ್ಲ, ಕೇಬಲ್ಲಿನ ತಂತೀನೇ ಪಿನ್ನು, ಅದಕ್ಕೇ ಬ್ಲೇಡಿನ ಗೀರು ಬೀಳಬಾರ್ದು. ಕೂದಲಿನಷ್ಟು ಸಣ್ಣ ಜಾಲರಿ ಎಳೆ ಒಂದು ನಡುವಿನ ತಂತಿಗೆ ತಾಗಿದ್ರೂ ಸಾಕು, ಸ್ಟೇಷನ್ನು ಸರಿಯಾಗಿ ಬರಲ್ಲ.

ಮೇಲ್ಗಡೆ ಕಡ್ಡಿ ಹತ್ರ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಡಿ, ಅದ್ರ ತಳದಲ್ಲಿ ಎಫ್ ಸಾಕೆಟ್ ಕೂರಿಸಿ ಕೇಬಲ್ಲು ಕೆಳಗಿಂದ ಬರೋ ಹಾಗೆ ಮಾಡಿ, ಒಳಗೆ ಬೆವರೋ ನೀರು ಹೋಗೋಕೆ ತಳದಲ್ಲೇ ಒಂದು ಸಣ್ಣ ತೂತು ಬಿಡಿ. ತಾಮ್ರದ ತಂತೀನ ನೇರ ಅಲ್ಯೂಮಿನಿಯಂಗೆ ಸುತ್ತಬೇಡಿ, ನೀರು ಸೇರಿದ್ರೆ ತಾಮ್ರ ತಾಗಿದ ಕಡೆ ಅಲ್ಯೂಮಿನಿಯಂ ಸವೆದು ಹೋಗತ್ತೆ, ನಡುವೆ ಸ್ಟೀಲ್ ವಾಷರ್ ಕೊಟ್ಟು ಸ್ಟೀಲ್ ಸ್ಕ್ರೂ ಹಾಕಿ. ಕಡ್ಡಿ ಒಂದೊಂದೂ 69 ಸೆಂ.ಮೀ. ಇದ್ರೆ 103.1ಕ್ಕೆ ಸರಿಯಾದ ಅಳತೆ, ಒಮ್ಮೆ ಅಳೆದು ನೋಡ್ಕೊಳ್ಳಿ.

ಇನ್ನು ಟೇಪು. ಕರಿ ಪಿವಿಸಿ ಟೇಪಿನ ಅಂಟು ಬಿಸಿಲಿಗೆ ಕರಗಿ ಸೋರತ್ತೆ. ಅದರ ಕೆಳಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಅಂತ ಬರೋ ರಬ್ಬರ್ ಟೇಪ್ ಸುತ್ತಬೇಕು, ಅದಕ್ಕೆ ಅಂಟೇ ಇಲ್ಲ, ಎರಡರಷ್ಟು ಉದ್ದಕ್ಕೆ ಎಳೆದು ಸುತ್ತಿದ್ರೆ ಪದರ ಪದರ ಒಂದಾಗಿ ರಬ್ಬರ್ ತುಂಡೇ ಆಗ್ಬಿಡತ್ತೆ. ಅದ್ರ ಮೇಲೆ ಬಿಸಿಲಿಗೆ ಮರೆಯಾಗಿ ಕರಿ ಟೇಪ್. ಎರಡನ್ನೂ ಕೆಳಗಿಂದ ಮೇಲಕ್ಕೆ ಸುತ್ತಿ. ಹಂಚು ಹೊದಿಸೋದು ಹೇಗೆ? ಸೂರಿನ ಅಂಚಿಂದ ಶುರು ಮಾಡಿ ಮೇಲಿನ ಹಂಚು ಕೆಳಗಿನದ್ರ ಮೇಲೆ ಕೂರೋ ಹಾಗೆ ಅಲ್ವಾ, ಇದೂ ಹಾಗೇ. ಮೇಲಿಂದ ಕೆಳಕ್ಕೆ ಸುತ್ತಿದ್ರೆ ಒಂದೊಂದು ಪದರಾನೂ ನೀರು ಹಿಡಿಯೋ ಬಟ್ಟಲು. ಹುಳಿ ವಾಸನೆ ಬರೋ ಸಿಲಿಕೋನ್ ಅಂಟನ್ನ ಮಾತ್ರ ಹಚ್ಚಬೇಡಿ, ಅದು ಒಣಗುವಾಗ ಬಿಡೋ ಅಸಿಟಿಕ್ ಆಸಿಡ್ ತಾಮ್ರಕ್ಕೇ ಕಿಲುಬು ತರತ್ತೆ. ಕೇಬಲ್ ಗೋಡೆ ತೂತಿನೊಳಗೆ ಹೋಗೋ ಮುಂಚೆ ಅರ್ಧ ಅಡಿ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತನ್ನಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗತ್ತೆ.

ಪ್ರಶ್ನೆ: ಮೈಸೂರಿಂದ ಬರೀತಿದೀನಿ ಸರ್, ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಹೊಸದಾಗಿ ಬಂದಿದೆ. ಕೈಯಲ್ಲಿ ಹಿಡಿಯೋ 5 ವಾಟ್ ಸೆಟ್ ಇದೆ, ತಾರಸಿ ಮೇಲೆ 145 ಮೆಗಾಹರ್ಟ್ಸ್ ಏರಿಯಲ್ ಹಾಕಿದೀನಿ, 20 ಮೀಟರ್ ಆರ್‌ಜಿ-58 ಕೇಬಲ್. ಅಂಗಡೀಲಿ ಪಿಎಲ್-259, ಬಿಎನ್‌ಸಿ, ಎನ್, ಎಸ್‌ಎಂಎ ಅಂತ ಏನೇನೋ ಹೇಳಿದ್ರು. ಯಾವುದು ಹಾಕ್ಲಿ?

ಉತ್ತರ: ಮೊದಲು ಲೈಸೆನ್ಸಿಗೆ ಅಭಿನಂದನೆ, ತುಂಬಾ ಖುಷಿಯಾಯ್ತು. ಕನೆಕ್ಟರಿಗಿಂತ ಮುಂಚೆ ಕೇಬಲ್ ಮಾತು ಹೇಳಿಬಿಡ್ತೀನಿ. ಆರ್‌ಜಿ-58 ಆ ಫ್ರೀಕ್ವೆನ್ಸೀಲಿ 100 ಮೀಟರಿಗೆ ಸುಮಾರು 20 ಡಿಬಿ (ಡೆಸಿಬೆಲ್, ಸಿಗ್ನಲ್ ನಷ್ಟದ ಅಳತೆ) ನುಂಗತ್ತೆ, ಅಂದ್ರೆ ನಿಮ್ಮ 20 ಮೀಟರಿಗೆ 4 ಡಿಬಿ, ಸೆಟ್ಟಿಂದ ಹೊರಟ 5 ವಾಟಲ್ಲಿ ತಾರಸಿ ತಲುಪೋದು 2 ವಾಟ್. ದಪ್ಪ ಆರ್‌ಜಿ-213 ಹಾಕಿದ್ರೆ 3 ವಾಟಿಗಿಂತ ಸ್ವಲ್ಪ ಜಾಸ್ತಿ ಸಿಗತ್ತೆ. ಈ ನಷ್ಟದ ಮುಂದೆ ಸರಿಯಾಗಿ ಹಾಕಿದ ಯಾವ ಕನೆಕ್ಟರಿನ ನಷ್ಟಾನೂ ಲೆಕ್ಕಕ್ಕಿಲ್ಲ.

ಪಿಎಲ್-259 ಅನ್ನೋದು 1930ರ ದಶಕದ್ದು, ಅಮೆರಿಕದ ಆಂಫೆನಾಲ್ ಕಂಪನೀಲಿ ಹುಟ್ಟಿದ್ದು. ಇದನ್ನ ಯುಎಚ್‌ಎಫ್ ಕನೆಕ್ಟರ್ ಅಂತಾನೂ ಕರೀತಾರೆ, ಆ ಹೆಸರು ನೋಡಿ ಮೋಸ ಹೋಗ್ಬೇಡಿ. ಆ ಕಾಲಕ್ಕೆ 30 ಮೆಗಾಹರ್ಟ್ಸ್ ಮೇಲಿನದೆಲ್ಲ ಯುಎಚ್‌ಎಫ್ಫೇ, ಅದಕ್ಕೆ ಆ ಹೆಸರು. ಶಾರ್ಟ್‌ವೇವಿಗೆ ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ, 145ಕ್ಕೂ ಪರವಾಗಿಲ್ಲ, 435 ಮೆಗಾಹರ್ಟ್ಸಿಗೆ ಹೋಗ್ಬೇಕು ಅಂತಿದ್ರೆ ಬೇಡ. ಅದ್ರ ಒಳಗೆ ನೀರು ತಡೆಯೋ ವಾಷರ್ರೂ ಇಲ್ಲ. ಎನ್ ಕನೆಕ್ಟರ್ 1940ರ ದಶಕದಲ್ಲಿ ಬೆಲ್ ಲ್ಯಾಬ್ಸಿನ ಪಾಲ್ ನೀಲ್ ಮಾಡಿದ್ದು, ಆ ಎನ್ ಅವರ ಹೆಸರಿನ ಎನ್ನೇ. ಒಳಗೆ ರಬ್ಬರ್ ವಾಷರ್ ಇದೆ, 50 ಓಮ್ಸ್ (ಸೆಟ್ಟು, ಕೇಬಲ್ಲು, ಕನೆಕ್ಟರು ಒಂದಕ್ಕೊಂದು ಹೊಂದಬೇಕಾದ ಇಂಪೀಡೆನ್ಸ್ ಅಳತೆ) ಕೊನೇವರೆಗೂ ಹಾಗೇ ಉಳಿಯತ್ತೆ. ತಾರಸಿ ಮೇಲಕ್ಕೆ ನನ್ನ ಓಟು ಎನ್‌ಗೇ. ಆದ್ರೆ ಏರಿಯಲ್ಲಿನ ಬುಡದಲ್ಲಿ ಇರೋ ಸಾಕೆಟ್ ಯಾವುದು ಅನ್ನೋದ್ರ ಮೇಲೆ ಕೆಲಸ ನಿಂತಿದೆ, ಅಲ್ಲಿ ಎಸ್‌ಒ-239, ಅಂದ್ರೆ ಪಿಎಲ್-259 ಕೂರೋ ಸಾಕೆಟ್, ಇದ್ರೆ ಸುಮ್ನೆ ಪಿಎಲ್-259 ಹಾಕಿ, ನಡುವೆ ಅಡಾಪ್ಟರ್ ಸೇರಿಸಿದ್ರೆ ನೀರು ನುಗ್ಗೋಕೆ ಇನ್ನೊಂದು ಬಾಗಿಲು ಅಷ್ಟೇ.

ಸೆಟ್ ಕಡೆ ಎಸ್‌ಎಂಎ ಅನ್ನೋ ಪುಟ್ಟ ಕನೆಕ್ಟರ್ ಇರತ್ತೆ. ಇಲ್ಲಿ ಹುಷಾರಾಗಿ ನೋಡ್ಬೇಕು, ಅಗ್ಗದ ಚೀನಾ ಸೆಟ್ಟುಗಳಲ್ಲಿ ಪಿನ್ನು ಸೆಟ್ಟಲ್ಲೇ ಇರತ್ತೆ, ಜಪಾನಿನ ಸೆಟ್ಟುಗಳಲ್ಲಿ ತೂತು ಇರತ್ತೆ. ವೈಫೈ ರೂಟರಿನದು ಆರ್‌ಪಿ-ಎಸ್‌ಎಂಎ ಅಂತ ಇನ್ನೊಂದು, ತಿರುಪಿನ ಥ್ರೆಡ್ ಎಲ್ಲ ಸರಿಯಾಗಿ ಕೂರತ್ತೆ ಆದ್ರೆ ತೂತಿಗೆ ತೂತು ಎದುರು ಬಂದು ಒಳಗೆ ಕನೆಕ್ಷನ್ನೇ ಇರಲ್ಲ, ಆ ಸ್ಥಿತೀಲಿ ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತಿದ್ರೆ ಸೆಟ್ಟಿಗೆ ಒಳ್ಳೇದಲ್ಲ. ಸೆಟ್ಟನ್ನ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ. ಮತ್ತೆ ಎಸ್‌ಎಂಎ ಮೇಲೆ ಉದ್ದದ ಅಡಾಪ್ಟರ್ ಹಾಕಿ ಅದಕ್ಕೆ ದಪ್ಪ ಕೇಬಲ್ ನೇತು ಹಾಕೋದು ಬೇಡವೇ ಬೇಡ, ಒಳಗೆ ಬೋರ್ಡಿನ ಬೆಸುಗೆ ಕಿತ್ಕೊಂಡು ಬರತ್ತೆ. ಒಂದಡಿ ಆರ್‌ಜಿ-316 ತೆಳು ಕೇಬಲ್ಲಿಗೆ ಒಂದು ಕಡೆ ಎಸ್‌ಎಂಎ, ಇನ್ನೊಂದು ಕಡೆ ದಪ್ಪ ಸಾಕೆಟ್ ಇರೋದು ರೆಡಿ ಸಿಗತ್ತೆ, ಅದನ್ನ ತಗೊಳ್ಳಿ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಹುಡುಕಿ.

ಪ್ರಶ್ನೆ: ಸರ್ ನಮಸ್ಕಾರ್ರಿ, ನಾವು ಹುಬ್ಬಳ್ಳಿಯವರು. ಪಿಎಲ್-259 ಬೆಸುಗಿ ಹಾಕಾಕ ಹೋದ್ರ ಒಳಗಿನ ಪ್ಲಾಸ್ಟಿಕ್ ಕರಗಿ ಶಾರ್ಟ್ ಆಗಾಕತ್ತೇತ್ರಿ. ಮೂರು ಕನೆಕ್ಟರ್ ಹಾಳಾದ್ವು. 25 ವಾಟ್ ಐರನ್ ಐತ್ರಿ. ಏನ್ ತಪ್ಪಾಗೇತಿ?

ಉತ್ತರ: ಐರನ್ ಸಣ್ಣದಾಯ್ತು ನೋಡ್ರಿ. ಬಿಸಿ ಜಾಸ್ತಿಯಾಗಿ ಕರಗ್ತಿದೆ ಅಂತ ಅನ್ಸೋದು ಸಹಜ, ಆದ್ರೆ ಬಿಸಿ ಕಮ್ಮಿ ಇರೋದ್ರಿಂದ ನೀವು ತುಂಬಾ ಹೊತ್ತು ಒತ್ತಿ ಹಿಡೀತೀರಿ, ಅಷ್ಟರಲ್ಲಿ ಶಾಖ ಒಳಗಿನ ಪಾಲಿಥೀನ್‌ವರೆಗೂ ಹೋಗ್ಬಿಡತ್ತೆ. ಆ ಹಿತ್ತಾಳೆ ಮೈ ದೊಡ್ಡದು. ದಪ್ಪ ಮೂತಿಯ 80-100 ವಾಟ್ ಐರನ್ ತಗೊಂಡು ಪಟ್ ಅಂತ ಬಿಸಿ ಮಾಡಿ ಪಟ್ ಅಂತ ತೆಗೀಬೇಕು. ಎರಡನೇದು, ನಿಕ್ಕಲ್ ಲೇಪ ಇರೋ ಕನೆಕ್ಟರಿಗೆ ಸೀಸ ಸುಲಭಕ್ಕೆ ಹಿಡಿಯಲ್ಲ, ಪಕ್ಕದ ನಾಲ್ಕು ತೂತಿನ ಅಂಚನ್ನ ಸಣ್ಣ ಅರದಲ್ಲಿ ಉಜ್ಜಿ ಹಳದಿ ಹಿತ್ತಾಳೆ ಕಾಣೋ ಹಾಗೆ ಮಾಡ್ಕೊಳ್ಳಿ. ಬೆಳ್ಳಿ ಲೇಪ, ಒಳಗೆ ಬಿಳೀ ಟೆಫ್ಲಾನ್ ಇರೋದು ಸಿಕ್ರೆ ದುಡ್ಡು ಜಾಸ್ತಿಯಾದ್ರೂ ಅದನ್ನೇ ತಗೊಳ್ಳಿ, ಟೆಫ್ಲಾನ್ ಬೆಸುಗೆ ಶಾಖಕ್ಕೆ ಕರಗಲ್ಲ.

ಆರ್‌ಜಿ-213 ಆದ್ರೆ ಹೊರ ಸಿಪ್ಪೆ 28 ಮಿ.ಮೀ. ತೆಗೀರಿ, ನಡುವಿನ ತಂತಿ 16 ಮಿ.ಮೀ. ಬರಿದಾಗಿರ್ಲಿ, ಜಾಲರೀನ ಅದಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಹಿಂದಕ್ಕೆ ಕತ್ತರಿಸಿ ತೆಳ್ಳಗೆ ಸೀಸ ಹಿಡಿಸಿ. ಕಪ್ಲಿಂಗ್ ರಿಂಗನ್ನ ಇದೆಲ್ಲದಕ್ಕೂ ಮುಂಚೆ ಕೇಬಲ್ಲಿಗೆ ಏರಿಸಿಟ್ಟಿರಿ, ಆಮೇಲೆ ಹಾಕೋಕೆ ದಾರಿ ಇಲ್ಲ. ಕನೆಕ್ಟರ್ ಮೈಯನ್ನ ಸಿಪ್ಪೆ ಮೇಲೆ ತಿರುಗಿಸಿ ಕೂರಿಸಿದ್ರೆ ಆ ನಾಲ್ಕು ತೂತಲ್ಲಿ ಜಾಲರಿ ಕಾಣತ್ತೆ, ಅಲ್ಲಿ ಬೆಸುಗೆ, ಕೊನೇಗೆ ಪಿನ್ ತುದೀಲಿ. ತೆಳು ಆರ್‌ಜಿ-58ಕ್ಕೆ ಯುಜಿ-175 ಅನ್ನೋ ರೆಡ್ಯೂಸರ್ (ಕನೆಕ್ಟರಿನ ದೊಡ್ಡ ಬಾಯನ್ನ ತೆಳು ಕೇಬಲ್ಲಿಗೆ ಹೊಂದಿಸೋ ತುಂಡು) ಬೇಕು, ಸ್ವಲ್ಪ ದಪ್ಪ ಇರೋ ಆರ್‌ಜಿ-8ಎಕ್ಸಿಗೆ ಯುಜಿ-176. ಜಾಲರೀನ ರೆಡ್ಯೂಸರ್ ಮೇಲೆ ಛತ್ರಿ ಥರ ಬಿಡಿಸಿ ಹಿಂದಕ್ಕೆ ಮಡಚಿ ತಿರುಗಿಸಿ ಕೂರಿಸೋದು. ಆರಿದ ಮೇಲೇನೇ ಅಲ್ಲಾಡಿಸಿ. ಮಲ್ಟಿಮೀಟರಲ್ಲಿ ಪಿನ್ನಿಂದ ಪಿನ್ನಿಗೆ ಬೀಪ್ ಬರ್ಬೇಕು, ಮೈಯಿಂದ ಮೈಗೆ ಬರ್ಬೇಕು, ಪಿನ್ನಿಂದ ಮೈಗೆ ಬರಬಾರ್ದು. ಈ ಪರೀಕ್ಷೆ ಕೇಬಲ್ ಏರಿಯಲ್ಲಿಗೆ ಸಿಕ್ಕಿಸೋ ಮುಂಚೆ ಮಾಡ್ರಿ, ಕೆಲವು ಏರಿಯಲ್ಲುಗಳು ಮೀಟರಿಗೆ ಶಾರ್ಟ್ ಅಂತಾನೇ ತೋರಿಸ್ತವೆ.

ಪ್ರಶ್ನೆ: ಡಿಶ್ಶಿನ ಆರ್‌ಜಿ-6 ಥರದ 75 ಓಮ್ಸ್ ಕೇಬಲ್ಲಿಗೆ 50 ಓಮ್ಸ್ ಕನೆಕ್ಟರ್ ಹಾಕಬಹುದಾ?

ಉತ್ತರ: ರೇಡಿಯೋ ಕೇಳೋಕೆ ಮಾತ್ರ ಆದ್ರೆ ಧಾರಾಳವಾಗಿ, ವ್ಯತ್ಯಾಸ ಕಿವಿಗೆ ಗೊತ್ತಾಗಲ್ಲ. ಕಾಲು ಸುತ್ತು ತಿರುಗಿಸಿ ಲಾಕ್ ಮಾಡೋ ಬಿಎನ್‌ಸಿಯ ಎರಡು ಜಾತಿನೂ ಒಂದಕ್ಕೊಂದು ಸೇರ್ತವೆ. ಎನ್ ಮಾತ್ರ ಬೇಡ, 75 ಓಮ್ಸಿನ ಎನ್ ಸಾಕೆಟ್ಟಿನ ತೂತು ಸಣ್ಣದು, 50ರ ದಪ್ಪ ಪಿನ್ ತುರುಕಿದ್ರೆ ಅದು ಶಾಶ್ವತವಾಗಿ ಅಗಲ ಆಗ್ಬಿಡತ್ತೆ.

ಪ್ರಶ್ನೆ: ಸಿಡಿಲು ಬರುವಾಗ ಕನೆಕ್ಟರ್ ಬಿಚ್ಚಿ ಗಾಜಿನ ಬಾಟಲಿ ಒಳಗೆ ಇಟ್ರೆ ಸಾಕು ಅಂತ ನಮ್ಮ ದೊಡ್ಡಪ್ಪ ಹೇಳ್ತಾರೆ, ನಿಜವಾ?

ಉತ್ತರ: ದೊಡ್ಡಪ್ಪ ಬಿಚ್ಚಿ ಅಂದಿದ್ದು ಸರಿ, ಬಾಟಲಿಯಿಂದ ಉಪಯೋಗ ಇಲ್ಲ. ಮೋಡದಿಂದ ನೆಲಕ್ಕೆ ಗಾಳೀಲೇ ಹಾರಿ ಬರೋದಕ್ಕೆ ಎರಡು ಮಿ.ಮೀ. ಗಾಜು ಯಾವ ಲೆಕ್ಕ. ಸಿಡಿಲಿನ ಹೊತ್ತಲ್ಲಿ ಕೇಬಲ್ ತುದಿ ಮನೆ ಒಳಗೇ ಇರಬಾರ್ದು. ಕಿಟಕಿ ಹೊರಗೆ ಒಂದು ಲೋಹದ ಪಟ್ಟೀಲಿ ಖಾಲಿ ಸಾಕೆಟ್ ಕೂರಿಸಿ, ಆ ಪಟ್ಟಿಯಿಂದ ದಪ್ಪ ತಾಮ್ರದ ತಂತಿ ಹತ್ತಿರದ ದಾರೀಲಿ ಅರ್ತಿಂಗ್ ರಾಡಿಗೆ ಎಳೀರಿ, ಆ ರಾಡನ್ನ ಮನೆಯ ಅರ್ತಿಂಗಿಗೂ ಸೇರಿಸೋಕೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಸೆಟ್ಟಿಂದ ಬಿಚ್ಚಿದ ಕೇಬಲ್ಲನ್ನ ಆ ಸಾಕೆಟ್ಟಿಗೆ ತಿರುಗಿಸಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಸಾಯಂಕಾಲದ ಮಳೆ ಬರೋ ದಿನಗಳಲ್ಲಿ ಮಧ್ಯಾಹ್ನವೇ ಈ ಕೆಲಸ ಮುಗಿಸಿ. ಗುಡುಗು ಕೇಳಿಸೋಕೆ ಶುರುವಾದ ಮೇಲೆ ನೆನಪಾಯ್ತು ಅಂದ್ರೆ ಕೇಬಲ್ ಮುಟ್ಟೋಕೆ ಹೋಗ್ಬೇಡಿ, ಸೆಟ್ ಹೋದ್ರೆ ಹೋಗ್ಲಿ.